ಹೊಳೆ ದಾಟುವ ಹಕ್ಕು



ಸಾರ್ವಜನಿಕ ಸಂಚಾರವನ್ನು ಕುರಿತು ಲೋಕದಲ್ಲಿ ನಡೆಯುವ ವಿಚಾರವು ಬಹುಮಟ್ಟಿಗೆ ಮಹಾನಗರಗಳ ವಿಚಾರವೇ ಆಗಿರುತ್ತದೆ. ಲಕ್ಷಾಂತರ ಜನ ಒಂದೇ ಹೊತ್ತಿನಲ್ಲಿ ಒಂದೇ ದಿಕ್ಕಿಗೆ ಹೊರಡುವಲ್ಲಿ ಅವರನ್ನು ಸಾಗಿಸುವ ಬಗೆ ಯಾವುದು, ಹಳಿಯನ್ನು ನೆಲದಡಿಯಲ್ಲಿ ಹಾಕಬೇಕೋ ಕಂಬಗಳ ಮೇಲೆ ಎತ್ತಬೇಕೋ, ವೆಚ್ಚದಲ್ಲಿ ಎಷ್ಟು ಪಾಲನ್ನು ಟಿಕೆಟ್ಟಿನ ಹಣದಿಂದ ತುಂಬಿಕೊಳ್ಳಬೇಕು ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ವಿದ್ವಾಂಸರು ಆಯುಷ್ಯವನ್ನೇ ಸವೆಸಿದ್ದಾರೆ. ಅವು ಹಾಗೆ ಸವೆಸತಕ್ಕ ಪ್ರಶ್ನೆಗಳೂ ಹೌದು. ಆದರೆ ಊರಿಗೂ ಊರಿಗೂ ನಡುವೆ ಹತ್ತಾರು ಮೈಲಿಗಳ ಕಾಡೂ ಬಯಲೂ ಹರಡಿಕೊಂಡಿದ್ದು, ದಿನಕ್ಕೆ ಕೆಲವೇ ಜನ ಹಾಯುವ ಒಂದು ದಾರಿಯನ್ನು ಸರ್ಕಾರವು ಕಾಪಾಡಿಕೊಂಡು ಬರಬೇಕೆ, ಬರಬೇಕೆಂದರೆ ಯಾವ ನ್ಯಾಯದ ಬಲದ ಮೇಲೆ, ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಇಂದು ನಾನು ಆ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಮತ್ತು ಅದನ್ನು ಬರಿಯ ತತ್ತ್ವವಾಗಿ ಚರ್ಚಿಸದೆ, ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿರುವ ಒಂದು ಸಣ್ಣ ಕೌಂಟಿಯ ಚರಿತ್ರೆಯಲ್ಲಿ ಅದು ಹೇಗೆ ಹುಟ್ಟಿತು, ಹೇಗೆ ಜನರ ಬಾಳನ್ನು ಹಿಂಡಿತು ಎಂಬುದನ್ನು ತಮ್ಮ ಮುಂದೆ ಇಡುತ್ತೇನೆ.

ಅಲಬಾಮಾ ರಾಜ್ಯದ ನಡುಭಾಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ 'ಬ್ಲ್ಯಾಕ್ ಬೆಲ್ಟ್' ಎಂದು ಹೆಸರಾದ ಎರೆಮಣ್ಣಿನ ಪಟ್ಟಿಯೊಂದು ಹಾಯ್ದುಹೋಗಿದೆ. ಆ ಪಟ್ಟಿಯಲ್ಲಿ 1819ರಲ್ಲಿ ಸ್ಥಾಪಿತವಾದ ವಿಲ್ಕಾಕ್ಸ್ ಕೌಂಟಿಯಿದೆ. ವಿಸ್ತಾರದಲ್ಲಿ ಅದು ನಮ್ಮ ದೊಡ್ಡದೊಂದು ತಾಲ್ಲೂಕಿನಷ್ಟು, ಸುಮಾರು 900 ಚದರ ಮೈಲಿ. ಅಧಿಕಾರದಲ್ಲಿ ಮಾತ್ರ ಜಿಲ್ಲೆಗೆ ಸಮಾನವೆನ್ನಬಹುದು, ಏಕೆಂದರೆ ನ್ಯಾಯಾಲಯ, ಷರೀಫ್, ಮತದಾರರ ನೋಂದಣಿ, ರಸ್ತೆಗಳ ದುರಸ್ತಿ ಇವೆಲ್ಲವೂ ಕೌಂಟಿಯ ಆಡಳಿತಕ್ಕೆ ಸೇರಿದುವು. ಕ್ಯಾಮ್ಡೆನ್ ಎಂಬ ಪುಟ್ಟ ಪಟ್ಟಣ ಅದರ ಕೇಂದ್ರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 35 ಸಾವಿರವನ್ನು ಮೀರಿದ್ದ ಅಲ್ಲಿಯ ಜನಸಂಖ್ಯೆ 2020ರ ಜನಗಣತಿಯ ವೇಳೆಗೆ ಹತ್ತೂವರೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಆ ಜನರಲ್ಲಿ ಬಹುಪಾಲು, ಅಂದೂ ಇಂದೂ, ಹತ್ತಿಯ ಹೊಲಗಳಲ್ಲಿ ದುಡಿಯಲೆಂದು ತಂದ ಗುಲಾಮರ ಸಂತತಿಯವರಾದ ಕಪ್ಪು ಜನ.

ಅಲಬಾಮಾ ನದಿ ಈ ಕೌಂಟಿಯ ಮೂಲಕ ಸುತ್ತಿ ಬಳಸಿ ಹರಿಯುತ್ತದೆ. ರೈಲುಗಳೂ ಒಳ್ಳೆಯ ರಸ್ತೆಗಳೂ ಇಲ್ಲದ ಕಾಲದಲ್ಲಿ ನದಿಯೇ ರಾಜಮಾರ್ಗ. ಹಬೆಹಡಗುಗಳು ದಡದ ಕಟ್ಟೆಗಳಲ್ಲಿ ನಿಂತು ಹತ್ತಿಯ ಅಂಡಿಗೆಗಳನ್ನು ಹೇರಿಕೊಂಡು ಕೆಳಗಣ ಮೊಬೀಲ್ ಬಂದರಿಗೆ ಒಯ್ಯುತ್ತಿದ್ದುವು. ಹತ್ತಿಗೆ ನದಿಯ ಉದ್ದವೇ ದಾರಿಯಾಗಿದ್ದರೆ, ಹತ್ತಿಯನ್ನು ಬೆಳೆದವರಿಗೆ ನದಿಯ ಅಗಲವೇ ತಡೆಯಾಗಿತ್ತು. ಆ ತಡೆಯನ್ನು ನೀಗಲು ಅಲ್ಲಲ್ಲಿ ಕಡವುಗಳಿದ್ದುವು. ಕ್ಯಾಮ್ಡೆನ್ನಿಗೆ ಉತ್ತರದಲ್ಲಿ ನದಿ ಬಿಲ್ಲಿನಂತೆ ಬಾಗಿ ಮೂರು ಕಡೆಯಿಂದಲೂ ಸುತ್ತುವರಿದ ನೆಲದ ನಾಲಿಗೆಯೊಂದಿದೆ. ಗೀಸ್ ಬೆಂಡ್ ಎಂದು ಅದರ ಹೆಸರು. ಅಂಚೆಯವರ ದಾಖಲೆಯಲ್ಲಿ ಬಾಯ್ಕಿನ್. ಜೋಸೆಫ್ ಗೀ ಎಂಬಾತ ಉತ್ತರ ಕ್ಯಾರೊಲಿನಾದಿಂದ 1816ರಲ್ಲಿ ಬಂದು ಅಲ್ಲಿ ಹತ್ತಿಯ ತೋಟವನ್ನು ಹಾಕಿದನು. ಮೂರು ದಶಕಗಳ ತರುವಾಯ ಅದು ಮಾರ್ಕ್ ಪೆಟ್ವೇ ಎಂಬವನ ವಶಕ್ಕೆ ಬಂದಿತು. 1846ರಲ್ಲಿ ಆತ ಉತ್ತರ ಕ್ಯಾರೊಲಿನಾದಿಂದ ತನ್ನ ಸಂಸಾರವನ್ನು ಗಾಡಿಗಳಲ್ಲಿ ಕರೆತಂದಾಗ, ಸುಮಾರು ನೂರು ಮಂದಿ ಗುಲಾಮರು, ಅಡುಗೆಯಾಕೆಯೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲರೂ, ಅಷ್ಟು ದೂರವನ್ನೂ ಕಾಲ್ನಡಿಗೆಯಲ್ಲಿಯೇ ಸವೆಸಿದರೆಂದು ಅಲ್ಲಿಯ ಜನ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದಿದ್ದಾರೆ. ಒಡೆಯನ ಹೆಸರೇ ಅವರ ಮನೆತನದ ಹೆಸರಾಗಿ ಉಳಿದು, ಇಂದಿಗೂ ಆ ಊರಿನಲ್ಲಿ ಪೆಟ್ವೇಗಳೇ ಹೆಚ್ಚು.

ಗುಲಾಮಗಿರಿ ತೊಲಗಿದ ಮೇಲೂ ಅವರು ಅದೇ ನೆಲದಲ್ಲಿ ಗೇಣಿ ಒಕ್ಕಲುಗಳಾಗಿ ನಿಂತರು. ಕ್ಯಾಮ್ಡೆನ್ನಿನ ವರ್ತಕನೊಬ್ಬನು ಬಿತ್ತನೆಗೂ ಹೊಟ್ಟೆಗೂ ಸಾಲ ಕೊಡುತ್ತಿದ್ದನು. ಹತ್ತಿಯ ಬೆಲೆ ಪಾತಾಳಕ್ಕೆ ಇಳಿದಿದ್ದ ದಿನಗಳಲ್ಲಿ, 1932ರಲ್ಲಿ, ಆತ ತೀರಿಕೊಳ್ಳಲಾಗಿ, ಬಾಕಿಯ ವಸೂಲಿಗೆಂದು ಬಂದವರು ಅರವತ್ತರಷ್ಟು ಕುಟುಂಬಗಳ ಮನೆಬಾಗಿಲಿನಿಂದ ಹಸು, ಹೇಸರಗತ್ತೆ, ನೇಗಿಲು, ಗಾಡಿ, ಕಣಜದಲ್ಲಿದ್ದ ಜೋಳ, ಎಲ್ಲವನ್ನೂ ಎಳೆದೊಯ್ದರು. ಆ ಚಳಿಗಾಲವನ್ನು ಜನ ಕಳೆದದ್ದು ರೆಡ್ ಕ್ರಾಸ್ ಸಂಸ್ಥೆಯ ಹಿಟ್ಟಿನ ಮೇಲೆ. ಇಂಥ ದುರ್ದೆಶೆಯನ್ನು ಕಂಡು ರೂಸ್‌ವೆಲ್ಟರ ಸರ್ಕಾರವು 1937ರ ಹೊತ್ತಿಗೆ ಆ ಭೂಮಿಯನ್ನು ಕೊಂಡು, ಮುಂದಿನ ವರ್ಷಗಳಲ್ಲಿ ಅದನ್ನು ಅಲ್ಲಿಯ ಒಕ್ಕಲುಗಳಿಗೇ ಸುಲಭ ಸಾಲದ ಮೇಲೆ ಹಂಚಿತು. ಮನೆಗಳನ್ನೂ ಶಾಲೆಯನ್ನೂ ಕಟ್ಟಿಸಿತು. ಆ ಯೋಜನೆಗಾಗಿ ಛಾಯಾಚಿತ್ರಗಳನ್ನು ತೆಗೆಯಲು ಬಂದ ಆರ್ಥರ್ ರಾಥ್‌ಸ್ಟೀನ್ ಮತ್ತು ಮೇರಿಯನ್ ಪೋಸ್ಟ್ ವಾಲ್‌ಕಾಟ್ ಇವರ ಚಿತ್ರಗಳಿಂದ ಆ ಕಾಲದ ಗೀಸ್ ಬೆಂಡು ಹೇಗಿತ್ತೆಂಬುದು ನಮಗೆ ತಿಳಿಯುತ್ತದೆ. ಈ ದಡದಿಂದ ಆ ದಡಕ್ಕೆ ಬಿಗಿದ ಕಂಬಿಯ ಆಸರೆಯಿಂದ ಸಾಗುವ ಹಳೆಯ ಕಡವಿನ ದೋಣಿಯೂ ಆ ಚಿತ್ರಗಳಲ್ಲಿದೆ.

ಭೂಮಿಯ ಈ ವಿಷಯವನ್ನು ನಾನು ಸಂಚಾರದ ಉಪನ್ಯಾಸದಲ್ಲಿ ಏಕೆ ತಂದೆನೆಂದು ಕೆಲವರಿಗೆ ಅನ್ನಿಸಬಹುದು. ಮುಂದೆ ನಡೆದ ಸಂಗತಿಗೆ ಇದೇ ಮೂಲಕಾರಣವೆಂದು ನನ್ನ ಬಲವಾದ ಅಭಿಪ್ರಾಯ. ಬ್ಲ್ಯಾಕ್ ಬೆಲ್ಟಿನ ಮಿಕ್ಕ ಕಡೆಗಳಲ್ಲಿ ಕಪ್ಪು ಒಕ್ಕಲಿಗನೊಬ್ಬನು ಮತದಾರನಾಗಲು ಹೊರಟರೆ ಜಮೀನಿನ ಒಡೆಯನು ಅವನನ್ನು ಮರುದಿನವೇ ಒಕ್ಕಲೆಬ್ಬಿಸಬಹುದಾಗಿತ್ತು; ಆ ಭಯದಿಂದಲೇ ಸಾವಿರಾರು ಜನ ಬಾಯಿ ಮುಚ್ಚಿಕೊಂಡಿದ್ದರು. ಗೀಸ್ ಬೆಂಡಿನವರಾದರೋ ತಮ್ಮ ನೆಲಕ್ಕೆ ತಾವೇ ಒಡೆಯರಾಗಿದ್ದರು. ಅವರ ಕಾಲ ಕೆಳಗಿನ ನೆಲವನ್ನು ಯಾರೂ ಎಳೆಯುವಂತಿರಲಿಲ್ಲ. ಅವರನ್ನು ತಡೆಯಬೇಕೆಂದರೆ ಉಳಿದಿದ್ದ ಉಪಾಯವೊಂದೇ. ಅವರು ದಾಟುವ ನೀರು.

ದಕ್ಷಿಣದ ರಾಜ್ಯಗಳಲ್ಲಿ ವಾಹನವೆಂಬುದು ಎಂದೂ ಬರಿಯ ವಾಹನವಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಲೂಯಿಸಿಯಾನಾದಲ್ಲಿ ಬಿಳಿಯರ ರೈಲುಡಬ್ಬಿಯಲ್ಲಿ ಕುಳಿತದ್ದಕ್ಕಾಗಿ ದಸ್ತಗಿರಿಯಾದ ಹೋಮರ್ ಪ್ಲೆಸ್ಸಿ ಎಂಬಾತನ ಮೊಕದ್ದಮೆಯಲ್ಲಿಯೇ 1896ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಪ್ರತ್ಯೇಕ ಸೌಕರ್ಯವು ಸಮಾನವಾಗಿದ್ದರೆ ಸಾಕೆಂಬ ತೀರ್ಪನ್ನಿತ್ತು, ಅರ್ಧ ಶತಮಾನಕ್ಕೂ ಮೇಲ್ಪಟ್ಟು ವರ್ಣಭೇದಕ್ಕೆ ಶಾಸನದ ಕವಚವನ್ನು ತೊಡಿಸಿತು. ನಮ್ಮ ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಅದೇ ಲೂಯಿಸಿಯಾನಾದ ಮಾರ್ಗವಾಗಿ ರೈಲಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ, ಟಿಕೆಟ್ಟು ತನಿಖೆಯವನು ಬಂದು ಬಿಳಿಯರ ಡಬ್ಬಿಯನ್ನು ಬಿಟ್ಟು ಏಳಬೇಕೆಂದನು. ಅವರು ಏಳಲಿಲ್ಲ. ಅವನು ಹೋಗಿ, ಇವರು ಆ ದೇಶದವರಲ್ಲವೆಂಬ ಅನುಮಾನದಿಂದ ಮರಳಿ ಬಂದು ಯಾವ ನಾಡಿನವರೆಂದು ವಿಚಾರಿಸಿದನು. ಇವರು ಇಂಡಿಯಾದವರೆಂದು ತಿಳಿದ ಮೇಲೆ ಅವನಿಗೆ ಸುಮ್ಮನಾಗಲು ಒಂದು ನೆಪ ದೊರೆಯಿತು. ಆದರೆ ಆ ನೆಪದ ನೆರಳನ್ನು ಕಮಲಾದೇವಿಯವರು ಒಲ್ಲದೆ, ತಾವು ಯಾವ ದೇಶದವರೆಂಬುದರಿಂದ ಏನೂ ಬೇರೆಯಾಗದೆಂದೂ, ತಾವು ಸಹ ವರ್ಣೀಯ ಸ್ತ್ರೀಯೇ ಎಂದೂ, ಎದ್ದುಹೋಗುವ ಉದ್ದೇಶ ತಮಗಿಲ್ಲವೆಂದೂ ಸ್ಪಷ್ಟವಾಗಿ ಹೇಳಿ ಕುಳಿತಲ್ಲಿಯೇ ಕುಳಿತರು. ರೋಸಾ ಪಾರ್ಕ್ಸ್ ಮಾಂಟ್‌ಗೊಮೆರಿಯ ಬಸ್ಸಿನಲ್ಲಿ ಏಳಲೊಲ್ಲೆನೆಂದದ್ದು ಇದಾದ ಹದಿನಾಲ್ಕು ವರ್ಷಗಳ ಮೇಲೆ. ಕನ್ನಡನಾಡಿನ ಕಡಲತೀರದ ಒಬ್ಬ ಮಹಿಳೆ ತನ್ನ ವಿದೇಶೀಯತೆಯಿಂದ ಸಿಕ್ಕುತ್ತಿದ್ದ ವಿನಾಯಿತಿಯನ್ನು ತಳ್ಳಿ, ಆ ನಾಡಿನ ಅತ್ಯಂತ ಅವಮಾನಿತರ ಸಾಲಿನಲ್ಲಿ ತನ್ನನ್ನು ಎಣಿಸಿಕೊಂಡದ್ದು ನನಗೆ ಬಹು ದೊಡ್ಡ ಸಂಗತಿಯಾಗಿ ತೋರುತ್ತದೆ. ನಮ್ಮ ಶಾಲೆಯ ಪಾಠಗಳಲ್ಲಿ ಅದಕ್ಕೆ ಒಂದು ಪುಟವಾದರೂ ಸಲ್ಲಬೇಕು.

ಮಾಂಟ್‌ಗೊಮೆರಿ ಇರುವುದು ಇದೇ ಅಲಬಾಮಾ ನದಿಯ ಮೇಲ್ಭಾಗದಲ್ಲಿ. ಅಲ್ಲಿಂದ ಕೆಳಗೆ ಸೆಲ್ಮಾ. ಇನ್ನೂ ಕೆಳಗೆ ವಿಲ್ಕಾಕ್ಸ್. 1955ರ ಡಿಸೆಂಬರಿನಿಂದ 381 ದಿನ ಮಾಂಟ್‌ಗೊಮೆರಿಯ ಕಪ್ಪು ಜನ ಬಸ್ಸುಗಳನ್ನು ಬಹಿಷ್ಕರಿಸಿ ನಡೆದರು. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಮೆರವಣಿಗೆಯವರು ಪೋಲೀಸರ ಲಾಠಿಗೆ ತಲೆಯೊಡ್ಡಿದರು. ಈ ಎರಡೂ ಘಟನೆಗಳು ಲೋಕವಿಖ್ಯಾತವಾದುವು. ಮೂರನೆಯದಾದ ಕಡವಿನ ಕಥೆಯನ್ನು ಬಹಳ ಕಾಲ ಯಾರೂ ಕೇಳಲಿಲ್ಲ. ಅದಕ್ಕೆ ಕಾರಣವನ್ನು ವಿಚಾರಿಸಿದರೆ ನಮ್ಮ ವಿಷಯದ ಮರ್ಮವೇ ಕೈಗೆ ಸಿಕ್ಕುತ್ತದೆಂದು ನನಗೆ ತೋರುತ್ತದೆ. ಮಾಂಟ್‌ಗೊಮೆರಿಯ ಬಸ್ಸುಗಳಲ್ಲಿ ಪ್ರಯಾಣಿಕರ ಪೈಕಿ ಮುಕ್ಕಾಲುಪಾಲಿನಷ್ಟು ಕಪ್ಪು ಜನರೇ ಇದ್ದರು. ಅವರು ಏರದೆ ಹೋದರೆ ಕಂಪನಿಯ ಪೆಟ್ಟಿಗೆ ಬರಿದಾಗುತ್ತಿತ್ತು. ನಗರದಲ್ಲಿ ಪ್ರಯಾಣಿಕನ ಸಂಖ್ಯೆಯೇ ಅವನ ಶಕ್ತಿ. ಗೀಸ್ ಬೆಂಡಿನ ಕೆಲವು ನೂರು ಜನ ದೋಣಿಯನ್ನು ಏರದೆ ಹೋದರೆ ಯಾರ ಪೆಟ್ಟಿಗೆಯೂ ಬರಿದಾಗುವಂತಿರಲಿಲ್ಲ. ಬಹಿಷ್ಕಾರವೆಂಬ ಆಯುಧವು ಅವರ ಕೈಯಲ್ಲಿ ಇರಲೇ ಇಲ್ಲ. ಅವರ ಎದುರಾಳಿಗಳ ಕೈಯಲ್ಲಿ ಮಾತ್ರ ಅದು ತಿರುಗಿ ಹಿಡಿದ ರೂಪದಲ್ಲಿ ಇತ್ತು.

ವಿಲ್ಕಾಕ್ಸಿನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ, ಈಗಾಗಲೇ ಪಟ್ಟಿಯಲ್ಲಿರುವ ಮತದಾರನೊಬ್ಬನು ಅರ್ಜಿದಾರನ ಪರವಾಗಿ ಸಾಕ್ಷಿ ನುಡಿಯಬೇಕೆಂಬ ನಿಯಮವಿತ್ತು. 1965ರ ಆರಂಭದವರೆಗೂ ಆ ಪಟ್ಟಿಯಲ್ಲಿ ಒಬ್ಬನೇ ಒಬ್ಬ ಕಪ್ಪು ಮತದಾರನೂ ಇರಲಿಲ್ಲವಾದ್ದರಿಂದ ಸಾಕ್ಷಿಗೆ ಬಿಳಿಯನೇ ಬರಬೇಕು. ಬರುವ ಬಿಳಿಯನು ದೊರೆಯುವಂತಿರಲಿಲ್ಲ. ಹೀಗಿದ್ದೂ ಅರವತ್ತರ ದಶಕದ ಮೊದಲಲ್ಲಿ ಗೀಸ್ ಬೆಂಡಿನ ಜನ ಕ್ಯಾಮ್ಡೆನ್ನಿನ ನೋಂದಣಿ ಕಚೇರಿಯತ್ತ ಮುಖ ಮಾಡಿದರು. 1962ರಲ್ಲಿ ಕಡವಿನ ದೋಣಿ ನಿಂತುಹೋಯಿತು. ಪ್ರವಾಹದಿಂದ ಅದು ಮುರಿಯಲಿಲ್ಲ, ಅಂಬಿಗರ ಅಭಾವದಿಂದ ನಿಲ್ಲಲಿಲ್ಲ; ಅಧಿಕಾರದಲ್ಲಿದ್ದವರು ಅದನ್ನು ನಿಲ್ಲಿಸಿದರು. ದೋಣಿಯಲ್ಲಿ ಹೊಳೆ ದಾಟಿದರೆ ಆಚೆಯ ದಡದಿಂದ ಕೆಲವೇ ಮೈಲಿ ದೂರದಲ್ಲಿದ್ದ ಕ್ಯಾಮ್ಡೆನ್, ಅಂದಿನಿಂದ ಆಲ್ಬರ್ಟಾ, ಕ್ಯಾಥರಿನ್, ಮಿಲ್ಲರ್ಸ್ ಫೆರಿಗಳ ಮೇಲೆ ಸುತ್ತಿಕೊಂಡು ಹೋಗಬೇಕಾದ ನಲವತ್ತು ಮೈಲಿಯ ದಾರಿಯಾಯಿತು. ಊರಿನಿಂದ ಹೊರಕ್ಕೆ ಹೋಗುವ ಒಂದೇ ಒಂದು ರಸ್ತೆಗೆ ಡಾಂಬರು ಬಿದ್ದದ್ದು 1967ರಲ್ಲಿ. ಅಲ್ಲಿಯವರೆಗೆ ಮಳೆ ಬಂದರೆ ಎರೆಮಣ್ಣಿನ ಕೆಸರಿನಲ್ಲಿ ಗಾಲಿ ಹೂತುಹೋಗುವ ದಾರಿ ಅದು.

ನಲವತ್ತು ಮೈಲಿ ಎಂಬ ಮಾತು ಮೋಟಾರು ಇದ್ದವರ ಕಿವಿಗೆ ಒಂದು ಗಂಟೆಯ ಪ್ರಯಾಣವೆಂದು ಕೇಳಿಸುತ್ತದೆ. ಮೋಟಾರು ಇಲ್ಲದ ಮನೆಯಲ್ಲಿ ಅದರ ಅರ್ಥವೇ ಬೇರೆ. ಬಸಿರಿಯ ನೋವು ಏರಿದಾಗ ವೈದ್ಯನು ಸಿಕ್ಕುವುದಿಲ್ಲ. ನ್ಯಾಯಾಲಯದ ಕರೆ ಬಂದರೆ ಗಡುವು ತಪ್ಪುತ್ತದೆ. ಬ್ಯಾಂಕು, ಔಷಧಿಯ ಅಂಗಡಿ, ಕಂದಾಯದ ಕಚೇರಿ, ಕೂಲಿಯ ಕೆಲಸ, ಒಂದೊಂದಕ್ಕೂ ಮೋಟಾರಿರುವ ನೆರೆಯವನ ದಾಕ್ಷಿಣ್ಯವನ್ನು ಬೇಡಿ, ಪೆಟ್ರೋಲಿನ ಹಣವನ್ನು ಅವನ ಕೈಗಿಟ್ಟು, ಅವನಿಗೆ ಬಿಡುವಾದ ದಿನಕ್ಕಾಗಿ ಕಾಯಬೇಕಾಗುತ್ತದೆ. ಹೀಗೆ ಕಾಯುವುದರಲ್ಲಿಯೇ ಒಂದು ಜನಾಂಗದ ಆಯುಷ್ಯದ ಎಷ್ಟು ಪಾಲು ಸೋರಿಹೋಯಿತೆಂಬುದಕ್ಕೆ ಯಾವ ಸರ್ಕಾರಿ ಲೆಕ್ಕಪತ್ರದಲ್ಲಿಯೂ ಅಂಕಣವಿಲ್ಲ. ದೋಣಿಯನ್ನು ನಿಲ್ಲಿಸಿದ್ದರಿಂದ ಉಳಿತಾಯವಾದ ಡಾಲರುಗಳನ್ನು ಮಾತ್ರ ಯಾರಾದರೂ ಎಣಿಸಬಹುದು.

1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಆ ಊರಿಗೇ ಬಂದು, ಅಲ್ಲಿಯ ದೇವಮಂದಿರದಲ್ಲಿ ಮಾತನಾಡಿದರು. ಅನಂತರ ಜನ ಕ್ಯಾಮ್ಡೆನ್ನಿಗೆ ಹೋದರು, ಸುತ್ತುದಾರಿಯಲ್ಲಿಯೇ ಹೋದರು. ಆ ವರ್ಷದ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಶಾಸನವಾಯಿತು. ಮೂರು ವರ್ಷಗಳಲ್ಲಿ ಕಿಂಗ್ ಹತರಾದಾಗ, ಅಟ್ಲಾಂಟಾದ ಬೀದಿಗಳಲ್ಲಿ ಅವರ ಕಳೇಬರವಿದ್ದ ಬಂಡಿಯನ್ನು ಎಳೆದವು ಗೀಸ್ ಬೆಂಡಿನ ಎರಡು ಹೇಸರಗತ್ತೆಗಳು. ಈ ಮಧ್ಯೆ ಮಿಲ್ಲರ್ಸ್ ಫೆರಿಯಲ್ಲಿ ಅಣೆಕಟ್ಟೆಯೊಂದು ಎದ್ದು, ಹಿನ್ನೀರು ನದಿಯನ್ನು ಅಗಲವಾಗಿಸಿ, ಊರಿನ ಫಲವತ್ತಾದ ತಗ್ಗಿನ ಹೊಲಗಳನ್ನು ನುಂಗಿತು. ದಾರಿಯನ್ನು ಕಳೆದುಕೊಂಡಿದ್ದ ಜನ ನೆಲದ ಪಾಲನ್ನೂ ಕಳೆದುಕೊಂಡರು. ವಿದ್ಯುಚ್ಛಕ್ತಿಯ ಉತ್ಪಾದನೆ ದೇಶಕ್ಕೆ ಬೇಕಾದದ್ದೇ, ಆದರೆ ಅದರ ಬೆಲೆಯನ್ನು ತೆತ್ತವರಿಗೆ ಹೊಳೆ ದಾಟಲು ಒಂದು ದೋಣಿಯನ್ನಾದರೂ ಆಗಲೇ ಕೊಡಬಹುದಾಗಿತ್ತು. ಕೊಡಲಿಲ್ಲ.

ಮತ ಬಂದಿತು, ದೋಣಿ ಬರಲಿಲ್ಲ ಎಂಬ ಈ ಸಂಗತಿಯನ್ನು ನಾವು ನಿಂತು ಯೋಚಿಸಬೇಕು. ಶಾಸನದ ಒಂದು ಸಹಿಯಿಂದ ಹಕ್ಕನ್ನು ಕೊಡಬಹುದು; ಒಮ್ಮೆ ಕಿತ್ತುಹಾಕಿದ ಸೌಕರ್ಯವನ್ನು ಮರಳಿ ಕಟ್ಟಲು ಆಯವ್ಯಯದಲ್ಲಿ ಹಣ, ಇಲಾಖೆಯಲ್ಲಿ ಮನಸ್ಸು, ದಡದಲ್ಲಿ ಕಟ್ಟೆ, ನಡೆಸಲು ನುರಿತವರು, ಇವೆಲ್ಲವೂ ಒಟ್ಟಿಗೆ ಕೂಡಿಬರಬೇಕು. ತೊಂಬತ್ತರ ದಶಕದಲ್ಲಿ ಆ ಪ್ರಾಂತದ ಪ್ರತಿನಿಧಿಯಾಗಿದ್ದ ಅರ್ಲ್ ಹಿಲಿಯರ್ಡ್, ಗುಲಾಮಗಿರಿ ತೊಲಗಿದ ಬೆನ್ನಿಗೆ ಬಂದ ಪುನರ್ನಿರ್ಮಾಣದ ಕಾಲದ ಅನಂತರ ಅಲಬಾಮಾದಿಂದ ಕಾಂಗ್ರೆಸ್ಸಿಗೆ ಆರಿಸಿಬಂದ ಮೊದಲ ಕಪ್ಪು ಸದಸ್ಯರು, ಒಕ್ಕೂಟ ಸರ್ಕಾರದ ಹಣಕ್ಕಾಗಿ ಪ್ರಯತ್ನಿಸಿದರು. ಕ್ಯಾಮ್ಡೆನ್ನಿನ ವಾರಪತ್ರಿಕೆಯ ಬಿಳಿಯ ಸಂಪಾದಕ ಹಾಲಿಸ್ ಕರ್ಲ್ ಕಡವು ಮರಳಬೇಕೆಂದು ವಾದಿಸಿದರು. ಆಚೆಯ ದಡದವರೂ ಈಚೆಯವರ ಪರವಾಗಿ ಮಾತನಾಡತೊಡಗಿದ್ದು ಆ ಊರಿನ ಮಟ್ಟಿಗೆ ಸಾಮಾನ್ಯ ಸಂಗತಿಯಲ್ಲ. ಕಡವಿನ ಈ ಕಥೆಯನ್ನು ಲಾಸ್ ಏಂಜಲಿಸ್ ಟೈಮ್ಸ್ ಪತ್ರಿಕೆಗೆ ಬರೆದ ಜೆ. ಆರ್. ಮೋರಿಂಗರ್ ಅವರಿಗೆ 2000ದಲ್ಲಿ ಪುಲಿಟ್ಜರ್ ಪ್ರಶಸ್ತಿ ದೊರೆಯಿತು. ಅತ್ತ ಆ ಊರಿನ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನಲ್ಲಿಯೂ ತರುವಾಯ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿಯೂ ಗೋಡೆಯೇರಿ, ಶ್ರೇಷ್ಠ ಚಿತ್ರಕಲೆಯೆಂದು ಮೆಚ್ಚುಗೆ ಪಡೆದುವು. ಕೊನೆಗೆ 2006ರ ಸೆಪ್ಟೆಂಬರ್ 18ರಂದು ಕಡವು ಮರಳಿ ತೆರೆಯಿತು. ನಲವತ್ತನಾಲ್ಕು ವರ್ಷ! ದೋಣಿ ನಿಂತ ದಿನ ಹುಟ್ಟಿದ ಮಗು ಅಷ್ಟರಲ್ಲಿ ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದಿತ್ತು.

ಈಗಿನದು ಮೋಟಾರುಗಳನ್ನೂ ಹೊತ್ತೊಯ್ಯುವ ದೊಡ್ಡ ಲಾಂಚು. ನೂರಕ್ಕೂ ಹೆಚ್ಚು ಜನ ಅದರಲ್ಲಿ ಹಿಡಿಯುತ್ತಾರೆ. ಒಂದೂಮುಕ್ಕಾಲು ಮೈಲಿಯ ನೀರನ್ನು ಕಾಲು ಗಂಟೆಯಲ್ಲಿ ದಾಟುತ್ತದೆ. 2019ರಲ್ಲಿ ಅದರ ಡೀಸೆಲ್ ಎಂಜಿನ್ನುಗಳನ್ನು ಕಳಚಿ ಬ್ಯಾಟರಿಗಳನ್ನು ಕೂಡಿಸಿದ ಮೇಲೆ, ಜನರನ್ನೂ ವಾಹನಗಳನ್ನೂ ಸಾಗಿಸುವ, ಸಂಪೂರ್ಣವಾಗಿ ವಿದ್ಯುತ್ತಿನಿಂದ ನಡೆಯುವ ಅಮೆರಿಕದ ಪ್ರಥಮ ಲಾಂಚೆಂಬ ಖ್ಯಾತಿ ಅದಕ್ಕೆ ಬಂದಿತು. ರಾಜ್ಯದ ಸಾರಿಗೆ ಇಲಾಖೆ ಈ ಕಾರ್ಯವನ್ನು ಮಾಡಿದ್ದು ಶ್ಲಾಘ್ಯ. ಶ್ಲಾಘಿಸಬೇಕಾದದ್ದನ್ನು ಮನಸಾರೆ ಶ್ಲಾಘಿಸೋಣ. ಒಂದು ಕಾಲಕ್ಕೆ ಕಂಬಿ ಹಿಡಿದು ಎಳೆಯುತ್ತಿದ್ದ ಕಡವಿನಲ್ಲಿ ದೇಶದ ಅತ್ಯಾಧುನಿಕ ಯಂತ್ರ ತೇಲುವುದೆಂದರೆ, ಬಡ ಕೌಂಟಿಗೆ ಹಳಸಲು ಸಾಮಗ್ರಿಯೇ ಸಾಕೆಂಬ ಮನೋಭಾವವನ್ನು ಒಮ್ಮೆಯಾದರೂ ಮೀರಿದಂತಾಯಿತು.

ಇನ್ನು ನೆಲದ ಮೇಲಿನ ಸಂಚಾರಕ್ಕೆ ಬರುತ್ತೇನೆ. ವಿಲ್ಕಾಕ್ಸಿನಂಥ ಕೌಂಟಿಯಲ್ಲಿ ನಮ್ಮ ಊರುಗಳ ಹಾಗೆ ವೇಳೆಗೆ ಸರಿಯಾಗಿ ಬಂದು ನಿಲ್ಲುವ ಬಸ್ಸು ಇರುವುದಿಲ್ಲ. ದೂರ ಪ್ರಯಾಣದ ಖಾಸಗಿ ಬಸ್ಸುಗಳು ಸಣ್ಣ ಪಟ್ಟಣಗಳಲ್ಲಿಯೂ ನಿಲ್ಲಬೇಕೆಂಬ ಕಟ್ಟುಪಾಡುಗಳು 1982ರ ಶಾಸನದಿಂದ ಸಡಿಲವಾದೊಡನೆ, ಲಾಭವಿಲ್ಲದ ಊರುಗಳನ್ನು ಕಂಪನಿಗಳು ಒಂದೊಂದಾಗಿ ಕೈಬಿಟ್ಟುವು. ಐವತ್ತು ಸಾವಿರಕ್ಕಿಂತ ಕಡಿಮೆ ಜನವಿರುವ ಪ್ರದೇಶಗಳ ಸಾರಿಗೆಗೆ ಒಕ್ಕೂಟ ಸರ್ಕಾರವು 1978ರಿಂದ ಸಹಾಯಧನ ಕೊಡುತ್ತಿದೆ. ಆ ಹಣದಿಂದ ನಡೆಯುವುದು ಬಹುತೇಕ ಕರೆದರೆ ಬರುವ ವ್ಯಾನು: ಪ್ರಯಾಣಿಕನು ಮುಂಚಿತವಾಗಿ ದೂರವಾಣಿಯಲ್ಲಿ ತನ್ನ ಅಗತ್ಯವನ್ನು ತಿಳಿಸುತ್ತಾನೆ, ಕಚೇರಿಯವರು ಅಂಥ ಹಲವು ಕರೆಗಳನ್ನು ಒಂದು ಸರದಿಗೆ ಹೊಂದಿಸಿ ವ್ಯಾನನ್ನು ಕಳುಹಿಸುತ್ತಾರೆ. ಮೂತ್ರಪಿಂಡಗಳು ಸೋತ ವೃದ್ಧನೊಬ್ಬನಿಗೆ ವಾರಕ್ಕೆ ಮೂರು ಸಲ ರಕ್ತಶುದ್ಧಿಯ ಯಂತ್ರದ ಬಳಿಗೆ ಹೋಗದೆ ಗತಿಯಿಲ್ಲ. 1972ರ ಶಾಸನದ ಮೇರೆಗೆ ಆ ಚಿಕಿತ್ಸೆಯ ವೆಚ್ಚವನ್ನು ಅಮೆರಿಕದ ಸರ್ಕಾರ ಬಹುಮಟ್ಟಿಗೆ ವಹಿಸಿಕೊಂಡಿದೆ. ಆದರೆ ಅವನ ಮನೆಯಿಂದ ಆ ಯಂತ್ರದವರೆಗಿನ ಹಾದಿ ಇಲ್ಲದೆ ಹೋದರೆ ಆ ಔದಾರ್ಯವು ಅವನಿಗೆ ಮುಟ್ಟುವ ಬಗೆ ಹೇಗೆ?

ಆ ವ್ಯಾನಿಗೂ ಒಂದು ಕಂಟಕವುಂಟು. ಒಕ್ಕೂಟದ ನಿಯಮದಂತೆ ವ್ಯಾನನ್ನು ಕೊಳ್ಳುವ ಹಣದಲ್ಲಿ ನೂರಕ್ಕೆ 80ರವರೆಗೂ, ನಡೆಸುವ ವೆಚ್ಚದಲ್ಲಿ 50ರವರೆಗೂ ಸಹಾಯ ದೊರೆಯುತ್ತದೆ. ಮಿಕ್ಕದ್ದನ್ನು ರಾಜ್ಯವೋ ಕೌಂಟಿಯೋ ಹೊಂದಿಸಬೇಕು. ಅಲಬಾಮಾದಲ್ಲಿ ಸಂವಿಧಾನಕ್ಕೆ 1952ರಲ್ಲಿ ಅಂಗೀಕೃತವಾದ 93ನೆಯ ತಿದ್ದುಪಡಿಯ ಪ್ರಕಾರ ಪೆಟ್ರೋಲಿನ ತೆರಿಗೆಯ ಹಣವು ರಸ್ತೆ ಸೇತುವೆಗಳಿಗೇ ಮೀಸಲು. ಬಸ್ಸಿಗೆ ಅದರಲ್ಲಿ ಒಂದು ಬಿಡಿಗಾಸೂ ಸಲ್ಲುವಂತಿಲ್ಲ. 2018ರಲ್ಲಿ ಸಾರ್ವಜನಿಕ ಸಾರಿಗೆಗೆಂದು ಶಾಸನಸಭೆಯು ಒಂದು ನಿಧಿಯನ್ನು ಸ್ಥಾಪಿಸಿತು, ಆದರೆ ಅದಕ್ಕೆ ಹಣವನ್ನು ಒದಗಿಸಲಿಲ್ಲ. ಮರುವರ್ಷ ಪೆಟ್ರೋಲಿನ ತೆರಿಗೆಯನ್ನು ಗ್ಯಾಲನ್ನಿಗೆ ಹಂತಹಂತವಾಗಿ 10 ಸೆಂಟು ಏರಿಸಿದಾಗಲೂ ಬಸ್ಸಿನ ಪಾಲು ಬರಲಿಲ್ಲ. ಇತ್ತ 1901ರ ಸಂವಿಧಾನವು, ಕಪ್ಪು ಜನರ ಮತವನ್ನು ಕಸಿಯುವ ಉದ್ದೇಶವನ್ನು ಮುಚ್ಚಿಡದೆಯೇ ರಚಿತವಾದದ್ದು, ಕೌಂಟಿಗಳ ಸ್ವಯಮಾಡಳಿತವನ್ನು ಎಷ್ಟು ಬಿಗಿಯಾಗಿ ಕಟ್ಟಿಹಾಕಿತೆಂದರೆ, ಸ್ಥಳೀಯವಾಗಿ ಒಂದು ತೆರಿಗೆಯನ್ನು ಎತ್ತಬೇಕಾದರೂ ರಾಜಧಾನಿಯ ಶಾಸನಸಭೆಯ ಬಾಗಿಲಿಗೆ ಹೋಗಬೇಕಾಯಿತು. ಹೀಗಾಗಿ ಹೆಚ್ಚು ಬಡತನವಿರುವ ಕೌಂಟಿಯೇ ತನ್ನ ಪಾಲನ್ನು ಹೊಂದಿಸಲಾರದೆ, ಹೆಚ್ಚು ಸಹಾಯ ಬೇಕಾದಲ್ಲಿಯೇ ಕಡಮೆ ಸಹಾಯವು ಸೇರುತ್ತದೆ. ಯಾರೊಬ್ಬರ ದುರುದ್ದೇಶವೂ ಇಂದು ಬೇಕಾಗಿಲ್ಲ. ಹಳೆಯ ಶಾಸನಗಳು ತಮ್ಮಷ್ಟಕ್ಕೆ ತಾವೇ ಆ ಕಾರ್ಯವನ್ನು ಮಾಡಿಕೊಂಡು ಹೋಗುತ್ತಿವೆ.

ರಸ್ತೆಯ ಕೆಳಗಿನ ಮಣ್ಣಿನ ಬಗೆಗೂ ಒಂದು ಮಾತು. ಬ್ಲ್ಯಾಕ್ ಬೆಲ್ಟಿನ ಎರೆ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆ ಬೇಗನೆ ಒಡೆಯುತ್ತದೆ, ಅದರಲ್ಲಿ ಹೂಳಿದ ಶೌಚದ ಗುಂಡಿ ನೀರನ್ನು ಇಂಗಿಸುವುದಿಲ್ಲ. ಪಕ್ಕದ ಲೌಂಡ್ಸ್ ಕೌಂಟಿಯಲ್ಲಿ ಮಲಿನ ಜಲವು ಮನೆಯಂಗಳದಲ್ಲಿಯೇ ನಿಲ್ಲುವುದನ್ನು ಕ್ಯಾಥರಿನ್ ಕೋಲ್ಮನ್ ಫ್ಲವರ್ಸ್ ಎಂಬ ಮಹಿಳೆ ದೇಶದ ಗಮನಕ್ಕೆ ತಂದರು. 2017ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಫಿಲಿಪ್ ಆಲ್‌ಸ್ಟನ್ ಬಂದು ಆ ಪ್ರಾಂತದ ದಾರಿದ್ರ್ಯವನ್ನು ಕಂಡುಹೋದರು. ದಾರಿ, ನೀರು, ಚರಂಡಿ ಇವು ಬೇರೆ ಬೇರೆ ಇಲಾಖೆಗಳಲ್ಲಿರಬಹುದು. ಅವನ್ನು ಅನುಭವಿಸುವ ಮನೆಯಾದರೋ ಒಂದೇ.

ಸೌಕರ್ಯವನ್ನು ಒಮ್ಮೆ ಕೊಟ್ಟರೆ ಸಾಕೆನ್ನುವವರು ಜಾರ್ಜಿಯಾ ರಾಜ್ಯದ ಮೆಕಿಂಟಾಶ್ ಕೌಂಟಿಯತ್ತ ನೋಡಬೇಕು. ಅಲ್ಲಿಯ ಸಪೆಲೋ ದ್ವೀಪದಲ್ಲಿ ಗಲ್ಲಾ-ಗೀಚಿ ಜನರೆಂದು ಕರೆಯಿಸಿಕೊಳ್ಳುವ, ಗುಲಾಮರ ಸಂತತಿಯವರಾದ ಕೆಲವೇ ಕುಟುಂಬಗಳು ಉಳಿದಿವೆ. ದ್ವೀಪಕ್ಕೆ ಸೇತುವೆಯಿಲ್ಲ, ರಾಜ್ಯ ಸರ್ಕಾರದ ದೋಣಿಯೊಂದೇ ದಾರಿ. ಸೌಕರ್ಯಗಳು ಸಾಲುತ್ತಿಲ್ಲವೆಂದು ಅವರು ನ್ಯಾಯಾಲಯಕ್ಕೆ ಹೋಗಿ, ರಾಜಿಯಾಗಿ, ಹೊಸ ಕಟ್ಟೆಯೂ ಓಡಾಡುವ ಲೋಹದ ಹಲಗೆದಾರಿಯೂ 2021ರಲ್ಲಿ ಸಿದ್ಧವಾದುವು. 2024ರ ಅಕ್ಟೋಬರ್ 19ರಂದು, ದ್ವೀಪದವರು ತಮ್ಮ ಸಂಸ್ಕೃತಿಯ ಉತ್ಸವವನ್ನು ಆಚರಿಸಿದ ದಿನ, ದೋಣಿಗಾಗಿ ಜನ ಕಾದು ನಿಂತಿದ್ದಾಗ ಆ ಹಲಗೆದಾರಿ ಕುಸಿದು ಏಳು ಮಂದಿ ಪ್ರಾಣ ಬಿಟ್ಟರು. ಮೂರೇ ವರ್ಷ ಹಳೆಯದಾದ ಕಟ್ಟಡ! ಎಂದೋ ಒಂದು ದಿನ ಮಾತ್ರ ಜನ ಕಿಕ್ಕಿರಿಯುವ ಊರಿನ ಕಟ್ಟೆಯನ್ನು ಆ ದಿನದ ಭಾರಕ್ಕೆ ತಕ್ಕಂತೆ ಕಟ್ಟಬೇಕು, ಪರೀಕ್ಷಿಸುತ್ತಿರಬೇಕು. ಸರಾಸರಿ ದಿನದ ಭಾರವನ್ನು ನಂಬಿದರೆ ಸಾಲದು.

ಈ ಎಲ್ಲ ಸಂಗತಿಗಳನ್ನು ತೂಗಿ ನೋಡಿದರೆ, ಸಣ್ಣ ಊರಿನ ಸಂಚಾರವನ್ನು ಪ್ರಯಾಣಿಕರ ತಲೆ ಎಣಿಸಿ ತೀರ್ಮಾನಿಸುವ ಪದ್ಧತಿಯನ್ನೇ ಬಿಡಬೇಕೆಂದು ನಾನು ಹೇಳುತ್ತೇನೆ. ದಾರಿ ಇಲ್ಲದೆ ಜನ ಊರು ಬಿಡುತ್ತಾರೆ. ಜನ ಕಡಮೆಯಾದರೆಂದು ದಾರಿಗೆ ಹಣವಿಲ್ಲವೆನ್ನುತ್ತಾರೆ. 35 ಸಾವಿರವಿದ್ದದ್ದು ಹತ್ತು ಸಾವಿರವಾದದ್ದಕ್ಕೆ ಕಾರಣ ಇದೊಂದೇ ಅಲ್ಲವಾದರೂ ಇದೂ ಒಂದು. ಕೇಳಬೇಕಾದದ್ದು ಎಷ್ಟು ಜನ ಏರಿದರು ಎಂಬುದನ್ನಲ್ಲ. ಈ ದಾರಿ ಇಲ್ಲದಿದ್ದರೆ ನ್ಯಾಯಾಲಯಕ್ಕೂ ಚಿಕಿತ್ಸಾಲಯಕ್ಕೂ ಮತಗಟ್ಟೆಗೂ ಕೆಲಸಕ್ಕೂ ತಲುಪಲಾರದವರು ಯಾರು ಯಾರು ಎಂಬುದನ್ನು. ಆ ಪಟ್ಟಿಯನ್ನು ಕೌಂಟಿಯವರು ಮನೆಮನೆಗೆ ಹೋಗಿ ಬರೆಯಬಹುದು. ಹತ್ತು ಸಾವಿರ ಜನರ ಕೌಂಟಿಯಲ್ಲಿ ಅದು ದುಸ್ಸಾಧ್ಯವಲ್ಲ, ಸಣ್ಣತನದ ಒಂದು ಅನುಕೂಲವೇ ಅದು. ಹಗಲು ಹೊತ್ತಿನಲ್ಲಿ ಮಾತ್ರ ದಾಟುವ ಲಾಂಚಿನಿಂದ ಕಾಗದದ ಗಿರಣಿಯಲ್ಲಿ ರಾತ್ರಿ ಪಾಳಿಯ ಕೆಲಸಗಾರನಿಗೆ ಏನು ಪ್ರಯೋಜನ. ಗಾಳಿಯೂ ನೆರೆಯೂ ಲಾಂಚನ್ನು ನಿಲ್ಲಿಸುವ ದಿನ ಆ ವೃದ್ಧನನ್ನು ರಕ್ತಶುದ್ಧಿಗೆ ಕರೆದೊಯ್ಯಬೇಕಾದ ವ್ಯಾನು ಎಲ್ಲಿಂದ ಬರಬೇಕು. ಮೊದಲ ದಾಟು ಎಷ್ಟು ಹೊತ್ತಿಗೆ, ಕೊನೆಯ ದಾಟು ಎಷ್ಟು ಹೊತ್ತಿಗೆ ಎಂಬುದನ್ನು ನಿರ್ಣಯಿಸುವ ಸಭೆಯಲ್ಲಿ ಗೀಸ್ ಬೆಂಡಿನ ಎಷ್ಟು ಮಂದಿ ಕುಳಿತಿರಬೇಕು. ಇವು ಇನ್ನೂ ಬಗೆಹರಿಯಬೇಕಾದ ಪ್ರಶ್ನೆಗಳು, ಮತ್ತು ಇವನ್ನು ಬಗೆಹರಿಸಲು ಹೊಸ ಅಣೆಕಟ್ಟೆಯಾಗಲಿ ಹೊಸ ಹೆದ್ದಾರಿಯಾಗಲಿ ಬೇಕಿಲ್ಲ, ವರ್ಷ ವರ್ಷವೂ ತಪ್ಪದೆ ಬರುವ ಒಂದು ಸಣ್ಣ ಮೊತ್ತವೂ, ಅದನ್ನು ತಲೆಯೆಣಿಕೆಯ ನೆಪದಿಂದ ಹಿಂತೆಗೆಯಲಾಗದಂಥ ಒಂದು ಶಾಸನವೂ ಸಾಕು.